ಬಿಡುವಿನ ಬುತ್ತಿ: ರಟ್ಟಿನ ಚಕ್ರವ್ಯೂಹ

ಬೇಸಗೆಯ ರಜೆ ಬಂದಿತೆಂದರೆ ಮಕ್ಕಳಿಗೆ ಹಬ್ಬ, ತಾಯಂದಿರಿಗೆ ಪರೀಕ್ಷೆ. ಶಾಲೆಯ ಗಂಟೆ ನಿಂತ ದಿನದಿಂದಲೇ ಮನೆಯಲ್ಲಿ "ಅಮ್ಮಾ, ಈಗೇನು ಮಾಡಲಿ?" ಎಂಬ ಗಂಟೆ ಹೊಡೆಯತೊಡಗುತ್ತದೆ. ಉತ್ತರ ತೋಚದ ಹಿರಿಯರು ಕೊನೆಗೆ ತಮ್ಮ ಮೊಬೈಲನ್ನೇ ಮಗುವಿನ ಕೈಗಿತ್ತು ನೆಮ್ಮದಿಯ ಉಸಿರು ಬಿಡುತ್ತಾರೆ. ಆ ನೆಮ್ಮದಿಯ ಬೆಲೆ ಎಷ್ಟೆಂಬುದು, ಅದನ್ನು ಮರಳಿ ಪಡೆಯಲು ಹೋದಾಗ ಏಳುವ ರಾದ್ಧಾಂತದಿಂದ ತಿಳಿಯುತ್ತದೆ.

ಹಾಗೆಂದು ಪರದೆಯ ಮುಂದೆ ಕುಳಿತ ಮಕ್ಕಳೆಲ್ಲರೂ ಕೆಟ್ಟರೆಂದು ಹೇಳುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. ಬಿ. ಆರ್. ಛೋಪ್ರಾ ಅವರ 'ಮಹಾಭಾರತ' ಧಾರಾವಾಹಿ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಭಾನುವಾರ ಬೆಳಗಿನಲ್ಲಿ ಪ್ರಸಾರವಾಯಿತು. ಪೆಟ್ಟಿಗೆಯಿದ್ದ ಮನೆಯೇ ಅಂದು ಬೀದಿಗೆಲ್ಲ ಚಾವಡಿ. ಹಿರಿಯರು ಕುರ್ಚಿಯ ಮೇಲೆ, ಮಕ್ಕಳು ನೆಲದ ಮೇಲೆ, ತಡವಾಗಿ ಬಂದವರು ಕಿಟಕಿಯ ಸರಳಿಗೆ ಆತು. ಕಥೆ ಮುಗಿಯಿತೆಂದರೆ ಪೊರಕೆಕಡ್ಡಿಗಳು ಬಾಣಗಳಾಗುತ್ತಿದ್ದವು, ತಟ್ಟೆಗಳು ಗುರಾಣಿಗಳಾಗುತ್ತಿದ್ದವು. ಕಂಡುದನ್ನು ಆಡಿ ನೋಡಲು ಮುಂದಿನ ಭಾನುವಾರದವರೆಗೆ ಆರು ದಿನಗಳ ಬಿಡುವಿತ್ತು. ಆ ಕಾಲದ ದೂರದರ್ಶನದ ದೊಡ್ಡ ಗುಣವೆಂದರೆ ಅದು ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು ಎಂಬುದೇ. 2020ರಲ್ಲಿ ಊರೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ ಅದೇ ಧಾರಾವಾಹಿ ಮರಳಿ ಪ್ರಸಾರವಾಗಿ, ತಂದೆ ಕಂಡ ಅಭಿಮನ್ಯುವನ್ನು ಮಗನೂ ಕಂಡುದಾಯಿತು.

ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಮಕ್ಕಳಿಗೂ ಇಂತಹದೇ ಒಂದು ಹುಚ್ಚು ಹಿಡಿದಿತ್ತು. ಅಲ್ಲಿನ ಐಟಿವಿ ವಾಹಿನಿಯಲ್ಲಿ 1987ರಿಂದ 1994ರವರೆಗೆ 'ನೈಟ್‌ಮೇರ್' ಎಂಬ ಮಕ್ಕಳ ಕಾರ್ಯಕ್ರಮ ಬರುತ್ತಿತ್ತು. ನಾಲ್ವರು ಮಕ್ಕಳ ಗುಂಪಿನಲ್ಲಿ ಒಬ್ಬನ ತಲೆಗೆ ಕಣ್ಣು ಮುಚ್ಚುವಂತಹ ಶಿರಸ್ತ್ರಾಣವನ್ನು ತೊಡಿಸಿ, ನೆಲಮಾಳಿಗೆಯ ಕೋಣೆಗಳಲ್ಲಿ ನಡೆಯಬಿಡುತ್ತಿದ್ದರು. ಉಳಿದ ಮೂವರು ದೂರದಲ್ಲಿ ಕುಳಿತು ಪರದೆಯಲ್ಲಿ ನೋಡುತ್ತ, "ಎಡಕ್ಕೆ ಸರಿ, ಮುಂದೆ ನಡೆ, ನಿಲ್ಲು!" ಎಂದು ಬಾಯಿಮಾತಿನಿಂದಲೇ ದಾರಿ ತೋರಬೇಕು. ನಡೆಯುವವನಿಗೆ ಕಣ್ಣಿಲ್ಲ, ಕಣ್ಣಿರುವವರಿಗೆ ಕಾಲಿಲ್ಲ. ಒಬ್ಬ ಗಾಬರಿಯಾದರೆ ನಾಲ್ವರೂ ಸೋತಂತೆ. ಇದಕ್ಕೆ ಒಂದು ವರ್ಷ ಮೊದಲು, 1986ರಲ್ಲಿ, ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆ ಮಾಕ್ಸ್ ಕೋಬರ್ಟ್ ಎಂಬವರು ಕಲ್ಪಿಸಿದ ಚಕ್ರವ್ಯೂಹದ ಮಣೆಯಾಟವೊಂದನ್ನು ಹೊರತಂದಿತು. ಅದರಲ್ಲಿ ದಾರಿಗಳೇ ಚಲಿಸುತ್ತವೆ. ಈ ಕ್ಷಣದಲ್ಲಿ ತೆರೆದಿದ್ದ ಹಾದಿ ಮರುಕ್ಷಣ ಮುಚ್ಚಿರುತ್ತದೆ.

ಈ ಎರಡನ್ನೂ ನಮ್ಮ ಮನೆಯಲ್ಲಿಯೇ, ಹಳೆಯ ರಟ್ಟು ಮತ್ತು ಮೈದಾಹಿಟ್ಟಿನ ಅಂಟಿನಿಂದ ಮಾಡಿಕೊಳ್ಳಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಓದುಗರಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ, ಮೊದಲು ಕೈಕೆಲಸ.

ಜರ್ಮನಿಯ ಮಣೆಯಲ್ಲಿ ಅಡ್ಡ ಏಳು, ಉದ್ದ ಏಳು, ಒಟ್ಟು 49 ಮನೆಗಳು. ಮನೆಯ ಮಟ್ಟಿಗೆ ಐದೈದು, ಅಂದರೆ 25 ಮನೆಗಳು ಸಾಕು. ಬೇಕಾದುದು 26 ಬಿಲ್ಲೆಗಳು. ಒಂದು ಬಿಲ್ಲೆ ಯಾವಾಗಲೂ ಹೊರಗೆ, ಆಡುವವರ ಕೈಯಲ್ಲಿರಬೇಕು. ಕಪಾಟಿನಲ್ಲಿ ಕೂಡಿಬಿದ್ದ ಲಗ್ನಪತ್ರಿಕೆಗಳು ಇದಕ್ಕೆ ಬಲು ಯೋಗ್ಯ. ಎರಡೆರಡನ್ನು ಅಂಟಿಸಿ, ಮೇಲೆ ಭಾರವಾದ ಪುಸ್ತಕವನ್ನಿಟ್ಟು ಒಂದು ರಾತ್ರಿ ಒಣಗಿಸಿದರೆ ಸೊಟ್ಟಗಾಗುವುದಿಲ್ಲ. ಬಳಿಕ 5 ಸೆಂಟಿಮೀಟರ್ ಚೌಕಗಳನ್ನು ಕತ್ತರಿಸಿಕೊಳ್ಳಿ.

ಪ್ರತಿಯೊಂದು ಬಿಲ್ಲೆಯ ಮೇಲೆ ಒಂದೂವರೆ ಸೆಂಟಿಮೀಟರ್ ಅಗಲದ ದಾರಿಯನ್ನು ಬರೆಯಬೇಕು. ಆಟದ ಗುಟ್ಟೆಲ್ಲ ಇಲ್ಲಿಯೇ ಇದೆ: ದಾರಿ ಬಿಲ್ಲೆಯ ಅಂಚನ್ನು ಮುಟ್ಟುವ ಕಡೆ ಅಂಚಿನ ನಟ್ಟನಡುವೆಯೇ ಮುಟ್ಟತಕ್ಕದ್ದು. ಎರಡೂವರೆ ಸೆಂಟಿಮೀಟರಿಗೆ ಗುರುತು ಮಾಡಿ, ಅದರ ಎರಡು ಪಕ್ಕಕ್ಕೂ ಮುಕ್ಕಾಲು ಸೆಂಟಿಮೀಟರ್ ಬಿಟ್ಟು ಗೆರೆ ಎಳೆದರೆ, ಬಿಲ್ಲೆಯನ್ನು ಹೇಗೆ ತಿರುಗಿಸಿಟ್ಟರೂ ಪಕ್ಕದ ದಾರಿಗೆ ಕೂಡಿಕೊಳ್ಳುತ್ತದೆ. ಅಂದಾಜಿನಲ್ಲಿ ಬರೆದರೆ ದಾರಿಗಳು ಒಂದನ್ನೊಂದು ಕಾಣದೆ ಹಾದುಹೋಗುತ್ತವೆ. ಬಿಲ್ಲೆಗಳಲ್ಲಿ 12 ತಿರುವುಗಳು, 6 ನೇರದಾರಿಗಳು, 7 ಮೂರುದಾರಿ ಕೂಡುವ ಕವಲುಗಳು, ಒಂದು ನಾಲ್ದಾರಿ. ಕೂಡಿಸಿದರೆ 26.

ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟಿನ ಮೇಲೆ 25 ಮನೆಗಳನ್ನು ಗೆರೆ ಹಾಕಿ. ಒಂದು, ಮೂರು, ಐದನೆಯ ಸಾಲುಗಳಲ್ಲಿ ಒಂದು, ಮೂರು, ಐದನೆಯ ಮನೆಗಳು ಸ್ಥಿರ; ಅಲ್ಲಿ ಒಂಬತ್ತು ಬಿಲ್ಲೆಗಳನ್ನು ಅಂಟಿಸಿಬಿಡಿ. ನಾಲ್ಕು ಮೂಲೆಗೆ ನಾಲ್ಕು ತಿರುವು, ನಾಲ್ಕು ಅಂಚಿನ ನಡುವಿಗೆ ನಾಲ್ಕು ಕವಲು, ಹೃದಯಸ್ಥಾನದಲ್ಲಿ ನಾಲ್ದಾರಿ. ಉಳಿದ 17ರಲ್ಲಿ 16ನ್ನು ಮನಸ್ಸಿಗೆ ಬಂದಂತೆ ಹರಡಿ. ಇವುಗಳನ್ನು ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿದ್ದರೆ ಸಲೀಸಾಗಿ ಜಾರುತ್ತವೆ. ಎರಡನೆಯ ಮತ್ತು ನಾಲ್ಕನೆಯ ಸಾಲುಗಳು ಅಡ್ಡಲಾಗಿಯೂ ಉದ್ದಲಾಗಿಯೂ ಚಲಿಸುವುದರಿಂದ ಮಣೆಗೆ ಎಂಟು ಬಾಗಿಲುಗಳಾದವು.

ಆಟ ಹೀಗೆ: ಸರದಿ ಬಂದವನು ಕೈಯಲ್ಲಿರುವ ಬಿಲ್ಲೆಯನ್ನು ಎಂಟರಲ್ಲಿ ಒಂದು ಬಾಗಿಲಿನಿಂದ ಒಳಗೆ ತಳ್ಳಬೇಕು. ಎದುರು ತುದಿಯಿಂದ ಒಂದು ಬಿಲ್ಲೆ ಹೊರಬೀಳುತ್ತದೆ. ಅದು ಮುಂದಿನವನ ಪಾಲು. ಆದರೆ ಅದು ಹೊರಬಿದ್ದ ಬಾಗಿಲಿನಿಂದಲೇ ಅವನು ಅದನ್ನು ಮರಳಿ ತಳ್ಳಕೂಡದು. ತಳ್ಳಿದ ಮೇಲೆ, ದಾರಿ ತೆರೆದಿದ್ದಷ್ಟು ದೂರ ತನ್ನ ಕಾಯಿಯನ್ನು ನಡೆಸಬಹುದು. ಕಾಯಿಯಿದ್ದ ಬಿಲ್ಲೆಯೇ ಹೊರಬಿದ್ದರೆ, ಆಗತಾನೆ ಒಳಬಂದ ಬಿಲ್ಲೆಯ ಮೇಲೆ ಆ ಕಾಯಿಗೆ ಮರುಜನ್ಮ. ಎಂಟು ಬಿಲ್ಲೆಗಳ ಮೇಲೆ ಎಂಟು ಚಿತ್ರಗಳನ್ನು ಬರೆಯಿಸಿ. ಅವೇ ಚಿತ್ರಗಳ ಚೀಟಿಗಳನ್ನು ಮಡಿಚಿ ಹಂಚಿದರೆ, ತನ್ನ ಚೀಟಿಯ ಚಿತ್ರಗಳನ್ನೆಲ್ಲ ಮುಟ್ಟಿ ಮೂಲೆಗೆ ಮರಳಿದವನೇ ಗೆದ್ದವನು.

ನಾಲ್ಕು ಮೂಲೆಗಳಿಗೆ ನಮ್ಮ ನಾಲ್ಕು ಊರುಗಳನ್ನೇ ಇಡೋಣ. ಭೂಪಟದ ದಿಕ್ಕನ್ನು ಕೇಳುವ ಭೂಗೋಳದ ಮೇಷ್ಟ್ರು ಮನೆಯಲ್ಲಿದ್ದರೆ ಕ್ಷಮಿಸಬೇಕು. ಚಿಕ್ಕಬಳ್ಳಾಪುರಕ್ಕೆ ದ್ರಾಕ್ಷಿಯ ಗೊಂಚಲು ಮತ್ತು ನಂದಿಯ ಬೆಟ್ಟ. ಗೌರಿಬಿದನೂರಿಗೆ ಆಕಾಶದ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕ ಮತ್ತು ವಿದುರಾಶ್ವತ್ಥದ ಅರಳಿಮರ. ಚಿಂತಾಮಣಿಗೆ ಅಂಬಾಜಿದುರ್ಗ ಮತ್ತು ಕೈವಾರದ ಭೀಮ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಮತ್ತು ಚಂದ್ರಿಕೆ.

ಚಂದ್ರಿಕೆಯನ್ನು ಕಂಡ ಮಕ್ಕಳಿಗೆ ಸುರುಳಿದಾರಿ ಹೊಸದಲ್ಲ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಒಳಗಿನಿಂದ ಹೊರಗೆ ಸುತ್ತುಸುತ್ತಾಗಿ ನಿಲ್ಲಿಸಿರುತ್ತಾರೆ. ಹಣ್ಣಾದ ಹುಳುವನ್ನು ಅದರಲ್ಲಿ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ. ಆ ಸುರುಳಿಯಲ್ಲಿ ದಾರಿ ಒಂದೇ. ಕವಲಿಲ್ಲ, ಆದ್ದರಿಂದ ದಾರಿ ತಪ್ಪುವ ಭಯವೂ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಶಿಲ್ಪಿಗಳು ಕೆತ್ತಿರುವ ಚಕ್ರವ್ಯೂಹವೂ ಸುತ್ತುಸುತ್ತಾದ ಸುರುಳಿಯೇ. ನಮ್ಮ ರಟ್ಟಿನ ಮಣೆ ಮಾತ್ರ ಕವಲುಗಳದ್ದು. ಸುರುಳಿಯಲ್ಲಿ ಬೇಕಾದುದು ತಾಳ್ಮೆಯೊಂದೇ. ಕವಲಿನಲ್ಲಿ ಆಯ್ಕೆಯೂ ಬೇಕು.

ಆಟದ ಕಾಯಿಗಳಿಗೆ ಹುಣಸೆಬೀಜ, ಬಳೆಚೂರು ಯಾವುದಾದರೂ ಆದೀತು. ಸಿಕ್ಕುವುದಾದರೆ ತೂತುಬಿದ್ದ ರೇಷ್ಮೆಗೂಡುಗಳನ್ನು ತಂದುಕೊಳ್ಳಿ. ಚಿಟ್ಟೆ ಗೂಡನ್ನು ಭೇದಿಸಿ ಹೊರಬಂದರೆ ಎಳೆ ತುಂಡಾಗಿ ಆ ಗೂಡು ನೂಲು ತೆಗೆಯಲು ಬಾರದು. ಬಿಚ್ಚಾಣಿಕೆಯವರಿಗೆ ಬೇಡವಾದುದು ನಮ್ಮ ಆಟಕ್ಕೆ ಒಪ್ಪುತ್ತದೆ; ಏಕೆಂದರೆ ಅದು ಹೊರದಾರಿಯನ್ನು ಕಂಡುಕೊಂಡ ಜೀವಿಯ ಮನೆ.

ಇನ್ನು ಅಂಗಳದ ಆಟ. ನೆಲವನ್ನು ಗುಡಿಸಿ, ರಂಗೋಲಿಪುಡಿಯಿಂದಲೋ ಸೀಮೆಸುಣ್ಣದಿಂದಲೋ ಎರಡಡಿ ಚೌಕದ 25 ಕೋಣೆಗಳನ್ನು ಬರೆಯಿರಿ. ಒಳಗೋಡೆಗಳನ್ನು ಮಕ್ಕಳಿಂದಲೇ ಎಣಿಸಿ. ಸರಿಯಾಗಿ 40 ಬರುತ್ತವೆ. ಇವುಗಳಲ್ಲಿ 24ನ್ನು ಅಳಿಸಿ ಬಾಗಿಲು ಮಾಡಬೇಕು, 16 ಉಳಿಯಬೇಕು. ಎಲ್ಲ ಕೋಣೆಗಳಿಗೂ ಹೋಗಲು ಸಾಧ್ಯವಾಗಬೇಕು. ಆದರೆ ಹೊರಟಲ್ಲಿಗೇ ಸುತ್ತಿ ಬರುವ ದಾರಿ ಇರಕೂಡದು. ಹೀಗೆ ಮಾಡಿದರೆ ಯಾವ ಎರಡು ಕೋಣೆಗಳ ನಡುವೆಯೂ ದಾರಿ ಒಂದೇ ಒಂದು. 24ಕ್ಕಿಂತ ಕಡಿಮೆ ಬಾಗಿಲಾದರೆ ಯಾವುದೋ ಕೋಣೆ ಸೆರೆಯಾಗುತ್ತದೆ. ಹೆಚ್ಚಾದರೆ ಎಲ್ಲಿಯೋ ಸುತ್ತುದಾರಿ ಹುಟ್ಟುತ್ತದೆ. ಅಂಕಗಣಿತವನ್ನು ಕಂಡರೆ ಓಡುವ ಹುಡುಗರೂ ಇದನ್ನು ಪರೀಕ್ಷಿಸಲು ಒಂದು ಮಧ್ಯಾಹ್ನವನ್ನು ಸಂತೋಷದಿಂದ ಕಳೆದಾರು.

ಒಬ್ಬರ ಕಣ್ಣಿಗೆ ಟವೆಲು ಕಟ್ಟಿ. ಮೂವರು ಜಗುಲಿಯ ಮೇಲೆ ಕುಳಿತು ದಾರಿ ಹೇಳಲಿ. ಗೆರೆ ತುಳಿದರೆ ಆಟ ಮುಗಿಯಿತು. ಮೊದಲ ಜಗಳ ಏಳುವುದು "ನಿನ್ನ ಎಡವೋ, ನನ್ನ ಎಡವೋ?" ಎಂಬುದರಲ್ಲಿ. ಎದುರಿಗೆ ಕುಳಿತವನ ಎಡ ನಡೆಯುವವನ ಬಲವಷ್ಟೆ! ಎರಡು ಸಲ ಸೋತ ಮೇಲೆ ಮಕ್ಕಳು ತಾವೇ ನಿಯಮ ಮಾಡಿಕೊಳ್ಳುತ್ತಾರೆ: ಒಂದು ಸಲಕ್ಕೆ ಒಬ್ಬರೇ ಮಾತನಾಡಬೇಕು, ನಡೆಯುವವನ ಎಡವೇ ಎಡ, 'ಆ ಕಡೆ', 'ಹಾಗಲ್ಲ', 'ಅಯ್ಯೋ' ಎಂಬ ಮಾತುಗಳಿಗೆ ಬೆಲೆಯಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅಥವಾ ಉರ್ದು, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಮ್ಮ ಕಡೆಯ ಮಕ್ಕಳಿಗೆ, ಆಡಿದ ಮಾತು ಇನ್ನೊಬ್ಬನ ಕಾಲಾಗುವಷ್ಟು ಸ್ಪಷ್ಟವಾಗಿರಬೇಕೆಂಬ ಪಾಠ ಇದಕ್ಕಿಂತ ಸುಲಭವಾಗಿ ಸಿಕ್ಕದು.

ಈ ಆಟ ನಮ್ಮ ಸೀಮೆಗೆ ವಿಶೇಷವಾಗಿ ಒಪ್ಪುತ್ತದೆಯೆಂದೆನಲ್ಲವೆ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನಾಡು ನೆನೆಯುವುದು 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದ ಜನರ ಮೇಲೆ ನಡೆದ ಗುಂಡಿನ ದಾಳಿಗಾಗಿ. ಆದರೆ ಊರಿಗೆ ಹೆಸರು ಬಂದುದು ವಿದುರನು ಅಲ್ಲಿ ಅಶ್ವತ್ಥವೃಕ್ಷವನ್ನು ನೆಟ್ಟನೆಂಬ ಐತಿಹ್ಯದಿಂದ. ಚಿಂತಾಮಣಿ ತಾಲ್ಲೂಕಿನ ಕೈವಾರವಂತೂ ಪಾಂಡವರು ತಲೆಮರೆಸಿಕೊಂಡಿದ್ದ ಏಕಚಕ್ರಪುರವೇ ಎಂದು ಸ್ಥಳದವರ ನಂಬಿಕೆ. ಈ ಎರಡು ಊರುಗಳನ್ನು ಭಾರತದ ಕಥೆಯಲ್ಲಿ ಜೋಡಿಸುವುದು ಒಂದು ಸುರಂಗ. ಅರಗಿನ ಮನೆಗೆ ಬೆಂಕಿ ಬೀಳುವುದಕ್ಕೆ ಮೊದಲೇ ವಿದುರನು ಧರ್ಮರಾಯನಿಗೆ ಗೂಢವಾದ ಮಾತಿನಲ್ಲಿ ಸೂಚನೆ ಕೊಟ್ಟಿದ್ದನು; ತನ್ನ ನಂಬಿಕೆಯ ಅಗೆಯುವವನನ್ನು ಕಳುಹಿಸಿ ಒಳಗಿನಿಂದ ಬಿಲ ತೋಡಿಸಿದ್ದನು. ತಾಯಿಯೂ ಐವರು ಮಕ್ಕಳೂ ಬದುಕಿ ಏಕಚಕ್ರಪುರ ಸೇರಿದ್ದು ಆ ದಾರಿಯಿಂದ.

ಅದೇ ಮನೆತನದ ಮುಂದಿನ ತಲೆಮಾರಿನ ಹುಡುಗನನ್ನು ನೆನೆಯಿರಿ. ಅಭಿಮನ್ಯುವಿಗೆ ಒಳಹೊಗುವ ವಿದ್ಯೆ ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ. ಅದನ್ನು ಅವನು ಮುಚ್ಚಿಡಲೂ ಇಲ್ಲ. "ನೀನು ಬಾಗಿಲು ತೆರೆ, ನಾವು ಬೆನ್ನಿಗಿದ್ದೇವೆ" ಎಂದು ಹಿರಿಯರು ಮಾತುಕೊಟ್ಟರು. ಸೈಂಧವನು ಅವರನ್ನು ತಡೆದು ನಿಲ್ಲಿಸಿದನು. ಹುಡುಗ ಒಳಗೆ ಒಬ್ಬನೇ ಉಳಿದನು. ಕಥೆ ಕೇಳುವಾಗ ನಾವು ಕೌರವರನ್ನು ಬೈಯುತ್ತೇವೆ, ಸರಿಯೇ. ಹೊರದಾರಿ ಕಲಿಸದೆ ಮಗುವನ್ನು ಮುಂದೆ ಬಿಟ್ಟ ಹಿರಿಯರನ್ನು ಕೇಳುವವರು ಕಡಿಮೆ.

ನಮ್ಮ ಮನೆಗಳಲ್ಲಿಯೂ ಇದು ನಡೆಯುತ್ತಿಲ್ಲವೇ? ಹತ್ತನೆಯ ತರಗತಿ ಮುಗಿಸಿದ ಹುಡುಗನನ್ನೋ ಹುಡುಗಿಯನ್ನೋ ಬೆಂಗಳೂರಿನ ಕಾಲೇಜಿಗೆ, ಕೋಚಿಂಗಿಗೆ ಸೇರಿಸುವಾಗ ಒಳಹೋಗುವ ದಾರಿಯನ್ನು ಮನೆಮಂದಿಯೆಲ್ಲ ಕೂಡಿ ಹುಡುಕುತ್ತೇವೆ. ಶುಲ್ಕ, ಪ್ರವೇಶಪತ್ರ, ಹಾಸ್ಟೆಲು, ಎಲ್ಲವೂ ಸಿದ್ಧ. "ಅದು ನಿನಗೆ ಒಗ್ಗದಿದ್ದರೆ ಹೀಗೆ ಹಿಂದಿರುಗಬಹುದು, ಬಾಗಿಲು ತೆರೆದಿದೆ" ಎಂದು ಹೇಳಿ ಕಳುಹಿಸುವ ತಂದೆತಾಯಿಗಳು ಎಷ್ಟು ಮಂದಿ? ಹಾಗೆ ಹೇಳಿದರೆ ಮಗು ಓದುವುದನ್ನು ಬಿಟ್ಟೀತೆಂಬ ಅಂಜಿಕೆ ನಮಗೆ. ವಿದುರನು ಸುರಂಗ ತೋಡಿಸಿದ್ದರಿಂದ ಪಾಂಡವರು ಹೇಡಿಗಳಾಗಲಿಲ್ಲ.

ಚಕ್ರವ್ಯೂಹವನ್ನು ಬರೆಯುವ ಕ್ರಮವೂ ಇದನ್ನೇ ಹೇಳುತ್ತದೆ. ಅಂಗಳದ ಆಟದಲ್ಲಿ ಗೋಡೆಗಳನ್ನು ಅಳಿಸುವಾಗ ಮೊದಲು ಹೊರಬಾಗಿಲಿನಿಂದ ಒಳಬಾಗಿಲಿನವರೆಗೆ ನಿಜವಾದ ದಾರಿಯೊಂದನ್ನು ಮಾಡಿ ಮುಗಿಸಿ. ಮೋಸದ ಕವಲುಗಳು, ಕುರುಡು ಮೂಲೆಗಳು ಬಳಿಕ. ಆಡುವ ಮಗುವಿಗೂ ಒಂದು ಉಪಾಯ ಕಲಿಸಿಡಿ: ಇಂತಹ ವ್ಯೂಹದಲ್ಲಿ ಬಲಗೈಯನ್ನು ಬಲಗೋಡೆಯಿಂದ ತೆಗೆಯದೆ ನಡೆದರೆ, ತಡವಾದರೂ ಬಾಗಿಲು ಸಿಕ್ಕಿಯೇ ಸಿಕ್ಕುತ್ತದೆ. ಕಾಗದದ ಮೇಲೆ ಬೆರಳಿಟ್ಟು ಪರೀಕ್ಷಿಸಿ ನೋಡಲಿ.

ಕೊನೆಯದಾಗಿ ಗೃಹಿಣಿಯರಿಗೊಂದು ಸೂಚನೆ. ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹಿಡಿಯುವುದಿಲ್ಲವೆಂದು ಹಳಬರು ಹೇಳುತ್ತಿದ್ದರು. ಅದು ವಿಷವಾದುದರಿಂದ ಮಕ್ಕಳಾಡುವ ಬಿಲ್ಲೆಗೆ ಬೇಡವೇ ಬೇಡ. ಅಂಟನ್ನು ತೆಳ್ಳಗೆ ಬಳಿದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸಾಕು. ಬಿಲ್ಲೆ ಕತ್ತರಿಸುವ ಕೆಲಸವನ್ನು ಅಪ್ಪನಿಗೂ, ಚಿತ್ರ ಬರೆಯುವುದನ್ನು ಮಕ್ಕಳಿಗೂ, ಕಥೆ ಹೇಳುವುದನ್ನು ಅಜ್ಜಿಗೂ ವಹಿಸಿರಿ. ಆ ಒಂದು ಮಧ್ಯಾಹ್ನವಾದರೂ ನಿಮಗೆ ಬಿಡುವು ದೊರೆತೀತು.