ಗುಣವಾದ ಮೇಲೆ ಮಾತ್ರೆ ಏತಕ್ಕೆ?

ಹೋದ ತಿಂಗಳು ಒಂದು ಸಾಯಂಕಾಲ ನೆರೆಮನೆಯ ದೊಡ್ಡಮ್ಮನವರು ನಮ್ಮಲ್ಲಿಗೆ ಬಂದರು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅಡಿಗೆಮನೆಯ ಬಾಗಿಲನ್ನು ಓರೆಮಾಡಿ, ಮೆಲುದನಿಯಲ್ಲಿ, “ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸಿ ಬಡಿಸಿದರೆ ದೋಷವೇನಮ್ಮಾ?” ಎಂದು ಕೇಳಿದರು. ಆ ಪ್ರಶ್ನೆಯ ಹಿಂದಿನ ಕಥೆಯು ಅನೇಕ ಮನೆಗಳ ಕಥೆಯಾದುದರಿಂದ, ಹೆಸರು ಕುರುಹುಗಳನ್ನು ಬಿಟ್ಟು, ತಾಯಿ ಮಗನಿಬ್ಬರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿರುವೆನು.

ಅವರ ಮಗನಿಗೆ ಎರಡು ವರ್ಷಗಳ ಹಿಂದೆ ಮನಸ್ಸಿನ ಬೇನೆ ಬಂದಿತು. ಯಾರೂ ಇಲ್ಲದ ಕಡೆ ಮಾತು ಕೇಳಿಸುವುದು, ಮನೆಯವರ ಮೇಲೆಯೇ ಸಂಶಯ, ನಿದ್ರೆಯಿಲ್ಲದ ರಾತ್ರಿಗಳು. ವೈದ್ಯರು ಇದನ್ನು ಸ್ಕಿಜೋಫ್ರೀನಿಯ ಎಂದು ನಿರ್ಣಯಿಸಿ ಮಾತ್ರೆ ಕೊಟ್ಟರು. ಕೆಲವು ತಿಂಗಳುಗಳಲ್ಲಿ ಹುಡುಗನು ಚೇತರಿಸಿಕೊಂಡು ಕೆಲಸಕ್ಕೂ ಹೋಗತೊಡಗಿದನು. ಅಷ್ಟರಲ್ಲಿ ಮದುವೆಯ ಮಾತು ಬಂದಿತು. ಹೆಣ್ಣಿನ ಕಡೆಯವರ ಕಣ್ಣಿಗೆ ಡಬ್ಬಿ ಬಿದ್ದೀತೆಂದು ಹೆದರಿ, “ಗುಣವಾಯಿತಲ್ಲ, ಇನ್ನೇತಕ್ಕೆ?” ಎಂದು ತಾಯಿಯೇ ಅದನ್ನು ಅಟ್ಟಕ್ಕೇರಿಸಿದರು. ಒಂದು ತಿಂಗಳು ಏನೂ ಆಗಲಿಲ್ಲ, ಎರಡನೆಯದೂ ಕಳೆಯಿತು. ಮೂರನೆಯದರಲ್ಲಿ ನಿದ್ರೆ ಕೆಟ್ಟಿತು; ಹಳೆಯ ಧ್ವನಿಗಳು ಮರಳಿದವು. ಈಗ ಮಾತ್ರೆ ನೀಡಹೋದರೆ, “ಬೇಡವೆಂದು ಎತ್ತಿಟ್ಟವಳು ನೀನೇ ಅಲ್ಲವೆ?” ಎಂದು ಮಗನು ಮುಖ ತಿರುಗಿಸುತ್ತಾನಂತೆ.

ಸೋದರಿಯರೆ, ನಾವು ತಪ್ಪುವುದು ಇಲ್ಲಿಯೇ. ಜ್ವರ ಬಿಟ್ಟರೆ ಜ್ವರದ ಮಾತ್ರೆಯನ್ನೂ ಬಿಡುತ್ತೇವೆ. ಮನೋರೋಗದ ಔಷಧವು ಹಾಗಲ್ಲ; ಬೇನೆಯನ್ನು ತಗ್ಗಿಸುವುದು ಅದರ ಅರ್ಧ ಕೆಲಸ, ಅದು ಮರಳದಂತೆ ತಡೆಯುವುದು ಇನ್ನರ್ಧ. ಬಿಟ್ಟ ಮರುದಿನವೇ ರೋಗ ಮರಳುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆಯುವುದುಂಟು. ಆದುದರಿಂದಲೇ ‘ಬಿಟ್ಟರೂ ಚೆನ್ನಾಗಿದ್ದಾನೆ’ ಎಂಬ ಭ್ರಾಂತಿ ಹುಟ್ಟುತ್ತದೆ. ಸ್ಕಿಜೋಫ್ರೀನಿಯ ಮೊದಲ ಬಾರಿ ಬಂದವರಿಗೂ ಚೇತರಿಕೆಯ ಬಳಿಕ ಸಾಮಾನ್ಯವಾಗಿ 1ರಿಂದ 2 ವರ್ಷವಾದರೂ ಔಷಧ ಬೇಕಾಗುತ್ತದೆ. ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ. ಖಿನ್ನತೆಯಲ್ಲಿಯೂ ಗುಣವಾದ ಮೇಲೆ 6 ತಿಂಗಳಿಗೆ ಕಡಿಮೆಯಿಲ್ಲದೆ ಮುಂದುವರಿಸುವುದು ವಾಡಿಕೆ. ನಿಲ್ಲಿಸುವ ಕಾಲ ಬಂದಾಗಲೂ ವೈದ್ಯರು ಮೆಲ್ಲಮೆಲ್ಲನೆ ಇಳಿಸುವರು.

ನಮ್ಮ ಅಜ್ಜಿಯರ ಕಾಲದಲ್ಲಿ ಇಂತಹ ಔಷಧಗಳೇ ಇರಲಿಲ್ಲ. ಉನ್ಮಾದಕ್ಕೆ ಲಿಥಿಯಮ್ಮಿನ ಉಪಯೋಗವನ್ನು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಪ್ರಕಟಿಸಿದರು. ಕ್ಲೋರ್‌ಪ್ರೋಮಜೀನ್ ಎಂಬ ಔಷಧವು 1952ರಲ್ಲಿ ಪ್ಯಾರಿಸ್ಸಿನ ರೋಗಿಗಳಿಗೆ ದೊರೆಯಿತು. ಅದಕ್ಕೆ ಮುಂಚೆ ಎಷ್ಟೋ ಮಂದಿ ಆಸ್ಪತ್ರೆಯ ಗೋಡೆಗಳ ನಡುವೆಯೇ ಆಯುಸ್ಸನ್ನು ಕಳೆದರು. ಡಬ್ಬಿಯನ್ನು ಅಟ್ಟಕ್ಕೇರಿಸುವ ಮುನ್ನ ಇದನ್ನು ನೆನೆಯುವುದೊಳ್ಳೆಯದು.

ಹಾಗೆಂದು ಮಾತ್ರೆ ಬೇಡವೆನ್ನುವವರೆಲ್ಲರೂ ಹಟಮಾರಿಗಳಲ್ಲ. ಕೆಲವು ಔಷಧಗಳಿಂದ ಮಂಪರು ಕವಿಯುವುದು, ಮೈ ತೂಕ ಏರುವುದು, ಕೈ ನಡುಗುವುದು, ಬಾಯಿ ಒಣಗುವುದು, ಕೂತಲ್ಲಿ ಕೂರಲಾರದ ಚಡಪಡಿಕೆ ಇವೆಲ್ಲ ನಿಜವಾದ ಕಷ್ಟಗಳು. ಅವನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಾಯಿಸಬಲ್ಲರು. ಲಿಥಿಯಂ ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಬೇಕು. ವಾಂತಿಭೇದಿಯಾದರೆ ಕೂಡಲೇ ವೈದ್ಯರನ್ನು ಕೇಳಬೇಕು. ರೋಗವೇ ‘ನಿನಗೆ ರೋಗವಿಲ್ಲ’ ಎಂದು ನಂಬಿಸುವುದೂ ಉಂಟು. ಅಲ್ಲಿ ವಾದದಿಂದ ಫಲವಿಲ್ಲ, ತಾಳ್ಮೆ ಬೇಕು.

ಇನ್ನು ಸಾರಿನ ಮಾತು. “ದೊಡ್ಡಮ್ಮಾ, ಹಾಗೆ ಮಾಡಬೇಡಿ” ಎಂದೆನು. ಕೆಲವು ಮಾತ್ರೆಗಳನ್ನು ಪುಡಿಮಾಡಲೇ ಕೂಡದು. ಅದಕ್ಕಿಂತ ದೊಡ್ಡದು ನಂಬಿಕೆಯ ಮಾತು. ಮನೆಯವರ ಮೇಲೆ ಸಂಶಯಪಡುವವನಿಗೆ ಒಂದು ದಿನ ಗುಟ್ಟು ತಿಳಿದರೆ, ಅನ್ನವೂ ವಿಷವಾಗಿ ಕಂಡೀತು. ಅವನ ಮುಂದೆ, “ಎತ್ತಿಟ್ಟುದು ನನ್ನ ತಪ್ಪು” ಎಂದು ಒಪ್ಪಿಕೊಂಡು, ಅವನನ್ನೂ ಕರೆದುಕೊಂಡು ವೈದ್ಯರ ಬಳಿಗೆ ಹೋಗಿರೆಂದೆನು. ಪ್ರತಿದಿನದ ಮಾತ್ರೆ ಬೇಸರವಾದವರಿಗೆ, ಅವರು ಒಪ್ಪಿದರೆ, ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದೂ ಉಂಟು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ, ಬೇನೆ ಮರಳಿದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ರೋಗಿಯು ಸ್ವಸ್ಥನಾಗಿರುವಾಗಲೇ ಬರೆದಿಡಬಹುದು. ಮನೆಯವರು ಅವನೊಡನೆ ಕುಳಿತು ಮಾತನಾಡಲು ಅದೇ ಒಳ್ಳೆಯ ಸಮಯ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಖರ್ಚಿಲ್ಲದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ರೋಗಿಯು ಸಾವಿನ ಮಾತನ್ನಾಡಿದರೆ ಮಾತ್ರ ನಾಳೆಗೆಂದು ತಡೆಯದೆ, ಒಬ್ಬನನ್ನೇ ಬಿಡದೆ, ಆಗಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಹೊರಡುವಾಗ ದೊಡ್ಡಮ್ಮನವರನ್ನು, “ನಿಮ್ಮ ರಕ್ತದೊತ್ತಡದ ಮಾತ್ರೆ ಎಷ್ಟು ವರ್ಷದಿಂದ?” ಎಂದು ಕೇಳಿದೆನು. “ಒಂಬತ್ತು” ಎಂದರು. “ಅದನ್ನು ಎಲ್ಲಿಡುತ್ತೀರಿ?” “ಊಟದ ಮನೆಯ ಗೂಡಿನಲ್ಲಿ, ಕಣ್ಣಿಗೆ ಬೀಳುವಂತೆ” ಎಂದವರು ಅಲ್ಲಿಗೇ ಮಾತು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೊರಟುಹೋದರು.

ಮೊನ್ನೆ ಅವರ ಮನೆಗೆ ಹೋಗಿದ್ದೆನು. ಹುಡುಗನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಮದುವೆಯ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಮುಂದೆ ಯಾರು ಕೇಳಿದರೂ ಇರುವುದನ್ನು ಇದ್ದಂತೆ ಹೇಳುವರಂತೆ. ರಾತ್ರಿಯ ಊಟವಾದ ಮೇಲೆ ತಾಯಿ ತಮ್ಮ ಮಾತ್ರೆಯನ್ನು ತೆಗೆದುಕೊಂಡರು, ಮಗನು ತನ್ನದನ್ನು ತಾನೇ ತೆಗೆದುಕೊಂಡನು. ಗೂಡಿನಲ್ಲಿ ಈಗ ಎರಡು ಡಬ್ಬಿಗಳಿವೆ.