ಬೆಡಿಂದ ಮದಲು ಪೆಟ್ಟಿಗೆ ಬರಲಿ

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ನೆರೆಕರೆಯ ಹೆಮ್ಮಕ್ಕಳೇ,

ಉಪ್ಪಿನಕಾಯಿ ಭರಣಿಯ ಬಾಯಿಗೆ ವಸ್ತ್ರ ಕಟ್ಟಿ, ಮುಚ್ಚಲು ಮಡುಗಿ, ಆರೂ ಚೆಂಡಿ ಕೈಲಿ ಮುಟ್ಲಾಗ ಹೇಳಿ ಮನೆಲಿ ನೇಮ ಮಾಡುವದು ನಾವು. ಚಿನ್ನ ಇಪ್ಪದು ಬೇಂಕಿನ ಲಾಕರಿಲಿ. ಜಾಗೆಯ ಆರ್‌ಟಿಸಿ, ಕ್ರಯಪತ್ರ ಇಪ್ಪದು ಕಪಾಟಿನ ಒಳಾಣ ಖಾನೆಲಿ, ಎರಡು ಬೀಗದ ಒಳ. ಜೀವ ತೆಗವ ಬೆಡಿ ಮಾಂತ್ರ ಚಾವಡಿ ಬಾಗಿಲಿನ ಹಿಂದೆ, ಕೊಡೆಯ ಒಟ್ಟಿಂಗೆ ಒರಗಿಸಿ ಮಡುಗಿದ್ದು! ಇದು ಏವ ಲೆಕ್ಕ?

ಬೆಡಿಯೇ ಬೇಡ ಹೇಳ್ತ ಜೆನ ಆನಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಹೊಡೆಲಿ ತೋಟ ಇಪ್ಪೋರಿಂಗೆ ಗೊಂತಿದ್ದು. ಮಂಗಂಗೊ ಹಿಂಡು ಕಟ್ಟಿ ಬಂದರೆ ಬೊಂಡ ಒಂದೂ ಒಳಿಯ. ಹಂದಿ ನುಗ್ಗಿರೆ ಬಾಳೆ, ಅಡಕ್ಕೆ ಸೆಸಿ ಎಲ್ಲ ಒಂದೇ ಇರುಳಿಲಿ ಹಾಳು. ಬೆಳೆ ರಕ್ಷಣೆಗೆ ಹೇಳಿ ಲೈಸನ್ಸ್ ಮಾಡ್ಸಿ, ಗಾಳಿಗೆ ಒಂದು ಈಡು ಹೊಡದು ಓಡ್ಸುದು ಅಜ್ಜಂದ್ರ ಕಾಲಂದ ಬಂದ ಕ್ರಮ. ಆಗಲಿ. ಆದರೆ ಬೆಡಿ ಬೇಕು ಹೇಳುವ ಮನೆಗೆ ಅದರ ಬೀಗ ಹಾಕಿ ಮಡುಗುವ ಪೆಟ್ಟಿಗೆಯೂ ಬೇಕು. ಪೆಟ್ಟಿಗೆ ಮಾಡ್ಸಲೆ ಎಡಿಯದ್ದ ಮನೆಗೆ ಬೆಡಿ ಮಡುಗಲೂ ಎಡಿಯ. ಎನ್ನ ಮಾತು ಇಷ್ಟೇ, ಇದರ್ಲಿ ರಾಜಿ ಇಲ್ಲೆ.

ಇದರ ಹೇಳಿದ ಕೂಡ್ಲೆ ಗೆಂಡುಮಕ್ಕೊ ಎಂತ ಹೇಳ್ತವು ಹೇಳುದು ನವಗೆ ಬಾಯಿಪಾಠ.

ಒಂದನೆದು, "ನಮ್ಮ ಮಕ್ಕೊ ಮುಟ್ಟವು, ಹೇಳಿ ಮಡುಗಿದ್ದು." ಅಟ್ಟಲ್ಲಿ ಹುಗ್ಗಿಸಿ ಮಡುಗಿದ ಬೆಲ್ಲದ ಡಬ್ಬಿ ಎಲ್ಲಿದ್ದು ಹೇಳಿ ಗೊಂತಿಪ್ಪದು ಮಕ್ಕೊಗೇ ಅಲ್ಲದೋ? ನಮ್ಮ ಮೊಬೈಲಿನ ಲಾಕ್ ತೆಗವಲೆ ಅವಕ್ಕೆ ಆರು ಹೇಳಿ ಕೊಟ್ಟಿದವು? ನಿಂಗಳ ಮಕ್ಕೊ ಮುಟ್ಟವು ಹೇಳಿಯೇ ಮಡುಗುವ. ಬೇಸಗೆ ರಜೆಲಿ ಪೇಟೆಂದ ಬಪ್ಪ ಪುಳ್ಯಕ್ಕೊಗೆ ಆರು ಹೇಳಿದ್ದವು? ಉಪನಯನಕ್ಕೋ, ಪೂಜೆಗೋ ಮನೆ ತುಂಬ ನೆಂಟ್ರು ಬಂದಿಪ್ಪಗ ಉಪ್ಪರಿಗೆಲಿ ಹುಗ್ಗಾಟ ಆಡುವ ಮಕ್ಕಳ ಹಿಂದೆ ಆರು ಹೋವುತ್ತವು? ನಾವು ಅಡಿಗೆ ಒಳ, ಅವು ಚಾವಡಿಲಿ.

ಎರಡನೆದು, "ಅದರ ಒಳ ಎಂತ ಇಲ್ಲೆ, ಖಾಲಿ ಬೆಡಿ." ತೋಟದ ಮನೆಗಳಲ್ಲಿ ಇಪ್ಪ ಹಳೆ ಬೆಡಿಗೊ ಸುಮಾರು ಕೇಪಿನ ಬೆಡಿಗೊ. ನಳಿಗೆಯ ಬಾಯಿಂದ ಮದ್ದು ಹಾಕಿ, ಸರಳಿಲಿ ಗುದ್ದಿ, ಚರೆ ತುಂಬ್ಸುವ ಬೆಡಿ ಅದು. ಒಂದರಿ ತುಂಬ್ಸಿರೆ ಅದರ ತೆಗವದು ಸುಲಾಬಲ್ಲಿ ಇಲ್ಲೆ, ಹೊಡದೇ ಖಾಲಿ ಮಾಡೆಕ್ಕು. ಹಂದಿ ಬಾರದ್ದ ಇರುಳು ತುಂಬ್ಸಿದ ಬೆಡಿ ಎಂತ ಆವುತ್ತು? ಕೇಪು ಮಾಂತ್ರ ತೆಗದು, ಹಾಂಗೇ ಗೋಡೆಗೆ ಒರಗಿಸುತ್ತವು. "ಕೇಪು ಇಲ್ಲೆನ್ನೆ, ಎಂತ ಆಗ" ಹೇಳ್ತವು. ಕೇಪಿನ ಡಬ್ಬಿ ಅಲ್ಲೇ ಮೇಗಾಣ ಹಲಗೆಲಿ ಇರ್ತು! ಖಾಲಿ ಹೇಳಿ ಗ್ರೇಶಿದ ಬೆಡಿಯೇ ಮನೆಲಿಪ್ಪ ಬೆಡಿಗಳಲ್ಲಿ ಎಲ್ಲದರಿಂದ ಅಪಾಯದ್ದು, ಎಂತಕೆ ಹೇಳಿರೆ ಅದಕ್ಕೆ ಆರೂ ಹೆದರ್ತವಿಲ್ಲೆ.

ಮೂರನೆದು, "ಹಂದಿ ಬಪ್ಪಗ ಪೆಟ್ಟಿಗೆ ತೆಗದುಗೊಂಡು ಕೂಪಲೆ ಹೊತ್ತೆಲ್ಲಿದ್ದು?" ಟಾರ್ಚ್ ಹುಡ್ಕಲೆ ಹೊತ್ತಿದ್ದು, ಬೂಟ್ಸು ಹಾಕಲೆ ಹೊತ್ತಿದ್ದು, ಹೋಪ ಮದಲು ಒಂದು ಎಲೆ ತಿಂಬಲೆ ಹೊತ್ತಿದ್ದು. ಬೀಗ ತಿರುಗ್ಸಲೆ ಬೇಕಪ್ಪದು ಅರೆ ನಿಮಿಷ. ಅಷ್ಟರಲ್ಲಿ ಹಂದಿ ತೋಟ ಇಡೀ ತಿಂದು ಮುಗುಶುತ್ತೋ?

ನಾಲ್ಕನೆದು ಪೈಸೆಯ ಮಾತು. ಪೈಸೆ ಎಷ್ಟು ಬೇಕಕ್ಕು ಹೇಳಿ ಪೆಟ್ಟಿಗೆಯ ಲೆಕ್ಕವನ್ನೇ ಹೇಳ್ತೆ, ಕೇಳಿ. ಚೀಟಿಲಿ ಬರದು ಮಡಿಕ್ಕೊಳ್ಳಿ, ಅಂಗಡಿಗೆ ಹೋಪಗ ಬೇಕಕ್ಕು.

ನಮ್ಮ ಬಟ್ಟೆ ಕಪಾಟು ಬೆಡಿಪೆಟ್ಟಿಗೆ ಅಲ್ಲ. ಅದರ ತಗಡು ತೆಳು, ಒಂದು ಮಿಲ್ಲಿಮೀಟರಿಂದಲೂ ಕಮ್ಮಿ ಇಪ್ಪದೇ ಹೆಚ್ಚು. ಒಂದು ಸಣ್ಣ ಹಾರೆ ಸಾಕು, ಬಾಗಿಲು ಬಾಗುತ್ತು. ಅಂಗಡಿಲಿ ಸಿಕ್ಕುವ ಚಿನ್ನದ ಲಾಕರು ಗಟ್ಟಿ ಇರ್ತು, ಆದರೆ ಗಿಡ್ಡ, ಬೆಡಿ ಹಿಡಿಯ. ಅಂಬಗ ಒಂದೋ ಬೆಡಿಗೇ ಹೇಳಿ ಮಾಡಿದ ಉದ್ದದ ಸೇಫ್ ತರ್ಸೆಕ್ಕು, ಅಲ್ಲದ್ದರೆ ಪೇಟೆಯ ಗ್ರಿಲ್ ಮಾಡುವ ವೆಲ್ಡಿಂಗ್ ಶಾಪಿಲಿ ಹೇಳಿ ಮಾಡ್ಸೆಕ್ಕು.

ತಗಡಿನ ದಪ್ಪ ಗೇಜಿಲಿ ಹೇಳುಗು. ಗೇಜಿನ ಅಂಕೆ ದೊಡ್ಡ ಆದ ಹಾಂಗೆ ತಗಡು ತೆಳು ಆವುತ್ತು. "22 ಗೇಜ್, ಲಾಯ್ಕದ್ದು" ಹೇಳಿ ಅಂಗಡಿಯವು ಹೇಳಿರೆ ಕೊಶಿ ಪಡೆಡಿ. 14 ಗೇಜ್ ಹೇಳಿರೆ ಸುಮಾರು 2 ಮಿ.ಮೀ., ಅದರಿಂದ ಕಮ್ಮಿ ತೆಕ್ಕೊಂಬಲಾಗ. ಇಂಗ್ಲೆಂಡಿಲಿ ಬೆಡಿಯ ಕಪಾಟಿಂಗೇ ಹೇಳಿ ಬಿಎಸ್ 7558 ಹೇಳುವ ಮಾನಕ ಇದ್ದು, ಅಲ್ಲಿಯೂ 2 ಮಿ.ಮೀ. ಲೆಕ್ಕವೇ. ಬಾಗಿಲಿನ ಹಿಂಜ್ ಒಳ ಇರೆಕ್ಕು. ಹೆರ ಇದ್ದರೆ, ಅದರ ಕೊರದರೂ ಬಾಗಿಲು ಬಾರದ್ದ ಹಾಂಗೆ ಒಳಾಣ ಹೊಡೆಂದ ಸರಳು ಕೊಡ್ಸಿ.

ಉದ್ದದ ಲೆಕ್ಕ: 30 ಇಂಚಿನ ನಳಿಗೆಯ 12 ಬೋರ್ ಬೆಡಿ ಇಡೀ ಆಗಿ ಸುಮಾರು 47 ಇಂಚು ಬತ್ತು. ಪೆಟ್ಟಿಗೆಯ ಒಳ 50 ಇಂಚು ಬೇಕು. ಮಡಿಸಿ ತೆಗವ ಜೋಡುನಳಿಗೆ ಆದರೆ ನಳಿಗೆ ಬೇರೆ, ಹಿಡಿ ಬೇರೆ ಮಾಡ್ಲೆ ಎಡಿತ್ತು, ಅದಕ್ಕೆ 34 ಇಂಚು ಸಾಕು. ಬಿಚ್ಚಿ ಮಡುಗಿದ ಬೆಡಿ ಕಳ್ಳನ ಕೈಗೆ ಸಿಕ್ಕಿರೂ ಆ ಕ್ಷಣಕ್ಕೆ ಉಪಯೋಗಕ್ಕೆ ಬಾರ. ಕೇಪಿನ ಬೆಡಿಯ ಹೀಂಗೆ ಸುಲಾಬಲ್ಲಿ ಬಿಚ್ಚಲೆ ಎಡಿಯ, ಅದಕ್ಕೆ ಟೇಪು ಹಿಡುದು ಅಳದೇ ಪೆಟ್ಟಿಗೆ ಮಾಡ್ಸಿ.

ಇನ್ನು ತೂಕ. ನಾಲ್ಕೂವರೆ ಅಡಿ ಎತ್ತರ, ಒಂದಡಿ ಅಗಲ, ಒಂದಡಿ ಆಳದ ಪೆಟ್ಟಿಗೆಯ 3 ಮಿ.ಮೀ. ತಗಡಿಲಿ ಮಾಡಿರೂ ಸುಮಾರು 43 ಕಿಲೋ. ಒಂದು ಗೋಣಿ ಅಡಕ್ಕೆ ಹೊರುವ ಜೆನಕ್ಕೆ ಅದು ಎಂತ ಭಾರ? ಇಬ್ರು ಬಂದರೆ ಪೆಟ್ಟಿಗೆ ಸಮೇತ ಜೀಪಿಂಗೆ ಹಾಕುಗು. ಹಾಂಗಾಗಿ ಬೋಲ್ಟ್ ಹಾಕಿ ಬಿಗಿಯದ್ದ ಪೆಟ್ಟಿಗೆ ಬೆಡಿಪೆಟ್ಟಿಗೆ ಅಲ್ಲ, ಕಳ್ಳಂಗೆ ಕಟ್ಟಿ ಕೊಟ್ಟ ಬುತ್ತಿ. ನಮ್ಮ ಹಳೆ ಮನೆಗಳ ಗೋಡೆ ಮುರಕಲ್ಲಿಂದು. ಮುರಕಲ್ಲಿಲಿ ಏಂಕರ್ ಬೋಲ್ಟ್ ಗಟ್ಟಿ ನಿಲ್ಲ, ಪೊಡಿ ಪೊಡಿ ಆಗಿ ಕಿತ್ತು ಬಕ್ಕು. ನೆಲದ ಕಾಂಕ್ರೀಟಿಂಗೆ, ಇಲ್ಲದ್ದರೆ ಕಾಂಕ್ರೀಟ್ ಕಂಬಕ್ಕೆ ಒಳಾಂದಲೇ ನಾಲ್ಕು ಬೋಲ್ಟ್ ಹಾಕ್ಸಿ. ಜಾಗೆ ಚಾವಡಿಲಿ ಬೇಡ, ಬಪ್ಪೋರು ಹೋಪೋರು ಎಲ್ಲ ಕಾಂಬಲಾಗ.

ಲೆಕ್ಕ ಹಾಕಿ. 40-45 ಕಿಲೋ ತಗಡು, ಒಂದು ಒಳ್ಳೆ ಬೀಗ, ಒಂದೆರಡು ದಿನದ ಕೂಲಿ. ಮಗಳ ಮದುವೆ ಪೆಂಡಾಲಿನ ಹೂಗಿನ ಖರ್ಚು ಇದರಿಂದ ಹೆಚ್ಚಕ್ಕು. ಪೈಸೆ ಇಲ್ಲೆ ಹೇಳುದು ನೆಪ, ಮನಸ್ಸಿಲ್ಲೆ ಹೇಳುದೇ ನಿಜ.

ಬೀಗದ ವಿಚಾರ. ಬೆರಳೊತ್ತಿ ತೆಗವ ಬೀಗ ಈಗ ಫ್ಯಾಶನ್. ಅಡಕ್ಕೆ ಸೊಲುದು, ಬೋರ್ಡೋ ದ್ರಾವಣ ಮುಟ್ಟಿ ತೇದ ಬೆರಳಿನ ಅದು ಗುರ್ತ ಹಿಡಿಯದ್ದೆ ಇಪ್ಪಲೂ ಸಾಕು. ನಂಬರ್ ಒತ್ತುವ ಬೀಗ ಆದರೆ ಅಂಗಡಿಯವು ಕೊಟ್ಟ ನಂಬರಿನ ಅದೇ ದಿನ ಬದಲ್ಸಿ. ಹೊಸ ನಂಬರು ಮಗನ ಹುಟ್ಟಿದ ವರ್ಷ ಅಪ್ಪಲಾಗ, ಮದಾಲು ಒತ್ತುವವನೇ ಅವ°. ಬೇಟರಿ ಹೋದರೆ ತೆಗವಲೆ ಹೇಳಿ ಒಂದು ಬೀಗದಕೈ ಕೊಡ್ತವು, ಅದರ ಪೆಟ್ಟಿಗೆಯ ಮೇಗೆ ಮಡುಗುವ ಬುದ್ಧಿವಂತರೂ ಇದ್ದವು! ನಮ್ಮ ಹಾಂಗಿಪ್ಪ ಮನೆಗೆ ಒಳ್ಳೆ ಲಿವರಿನ ಬೀಗವೇ ಸಾಕು.

ಆ ಬೀಗದಕೈ ಆರ ಹತ್ತರೆ? ಇಲ್ಲಿ ರಜಾ ಗಟ್ಟಿಯಾಗಿ ಹೇಳ್ತೆ. ಮನೆಯ ಎಲ್ಲಾ ಬೀಗದಕೈಗಳ ಹಾಂಗೆ ಇದರನ್ನೂ ನಮ್ಮ ಸೊಂಟಕ್ಕೆ ಸಿಕ್ಕುಸುವ ಕ್ರಮ ಇದ್ದು. "ಅದರ ಹತ್ತರೆ ಇದ್ದರೆ ಧೈರ್ಯ" ಹೇಳಿ ಹೊಗಳುಗು. ಬೇಡ. ಲೈಸನ್ಸ್ ಆರ ಹೆಸರಿಲಿ ಇದ್ದೋ ಜವಾಬ್ದಾರಿ ಅವರದ್ದು. ಇಂಗ್ಲೆಂಡಿಲಿ ಲೈಸನ್ಸ್ ಇಲ್ಲದ್ದ ಹೆಂಡತಿಗೆ ಬೀಗದಕೈ ಎಲ್ಲಿದ್ದು ಹೇಳಿಯೂ ಗೊಂತಿಪ್ಪಲಾಗ ಹೇಳಿ ಪೋಲೀಸರು ಹೇಳ್ತವು. ನಾಳೆ ಎಂತಾರೂ ಆದರೆ "ನೀನು ಎಂತಕೆ ಕೊಟ್ಟೆ" ಹೇಳುವ ಮಾತು ನಮ್ಮ ತಲಗೆ ಬಪ್ಪದು ಬೇಡ. ಬೀಗದಕೈ ಲೈಸನ್ಸ್ ಇಪ್ಪ ಜೆನದ ಮೈಮೇಲೆ ಇರಲಿ. ಎರಡನೆದು ಬೇಂಕಿನ ಲಾಕರಿಲಿ ಚಿನ್ನದ ಒಟ್ಟಿಂಗೆ ಇರಲಿ. ದೇವರೊಳಾಣ ಹರಿವಾಣದ ಅಡಿಲಿ, ಅಕ್ಕಿ ಡಬ್ಬಿಲಿ, ಕೆಲೆಂಡರಿನ ಹಿಂದಾಣ ಮೊಳೆಲಿ ಖಂಡಿತ ಬೇಡ.

ಮದ್ದು, ಚರೆ, ಕೇಪು, ಕಾರ್ಟ್ರಿಜ್ ಇದೆಲ್ಲ ಬೇರೆ ಪೆಟ್ಟಿಗೆ, ಬೇರೆ ಬೀಗ. ಚೆಂಡಿ ಹಿಡಿಯದ್ದೆ ಇರಲಿ ಹೇಳಿ ಮದ್ದಿನ ಡಬ್ಬಿಯ ಅಡಿಗೆ ಒಲೆಯ ಮೇಗಾಣ ಅಟ್ಟಲ್ಲಿ ಮಡುಗುದು ಕಿಚ್ಚಿನೊಟ್ಟಿಂಗೆ ಆಟ. 2005ರಲ್ಲಿ ಅಮೇರಿಕದ ವೈದ್ಯರ ಸಂಘದ ಪತ್ರಿಕೆಲಿ ಒಂದು ಅಧ್ಯಯನ ಬಂತು. ಬೆಡಿಗೆ ಬೀಗ, ಒಳ ಖಾಲಿ, ಗುಂಡಿಂಗೆ ಬೀಗ, ಗುಂಡು ಬೇರೆ ಜಾಗೆಲಿ, ಈ ನಾಲ್ಕರಲ್ಲಿ ಒಂದೊಂದೂ ಮಕ್ಕೊ ಬೆಡಿಂದ ಪೆಟ್ಟು ತಿಂಬದರ ಕಮ್ಮಿ ಮಾಡುವದರೊಟ್ಟಿಂಗೆ ಸೇರಿಗೊಂಡಿದ್ದು ಹೇಳಿ ಅದರ್ಲಿ ಕಂಡತ್ತು. ಅಲ್ಯಾಣ ಮಕ್ಕಳ ಡಾಕ್ಟ್ರಕ್ಕೊ, ಮಕ್ಕಳ ಬೇರೆ ಮನೆಗೆ ಆಡ್ಲೆ ಕಳ್ಸುವ ಮದಲು "ನಿಂಗಳಲ್ಲಿ ಬೀಗ ಹಾಕದ್ದ ಬೆಡಿ ಇದ್ದೋ" ಹೇಳಿ ಕೇಳಿ ಹೇಳ್ತವು. ನವಗೆ ಕೇಳ್ಲೆ ನಾಚಿಕೆ ಎಂತಕೆ? ನಾಯಿ ಕಟ್ಟಿದ್ದೋ ಹೇಳಿ ಜಾಲಿಂದಲೇ ಕೇಳ್ತಿಲ್ಲೆಯೋ ನಾವು?

ನಮ್ಮ ಊರಿನ ಮಳೆಗೆ ಒಂದು ಮಾತು. ಬೆಡಿಯ ಚರ್ಮದ ಚೀಲಲ್ಲೋ, ಕೇನ್ವಾಸಿಲೋ ಸುತ್ತಿ ಪೆಟ್ಟಿಗೆ ಒಳ ಮಡುಗಲಾಗ, ಅದು ಚೆಂಡಿ ಹೀರಿ ತುಕ್ಕು ಹಿಡುಶುಗು. ನಳಿಗೆಯ ಉದ್ದಿ, ತೆಳುವಾಗಿ ಎಣ್ಣೆ ಕಿಟ್ಟಿ, ಸಿಲಿಕಾ ಜೆಲ್ಲಿನ ಪೊಟ್ಟಣ ಮಡುಗಿ. ಆಟಿ ತಿಂಗಳಿಲಿ ವಾರಕ್ಕೊಂದರಿ ತೆಗದು ನೋಡೆಕ್ಕು. "ಪೆಟ್ಟಿಗೆಲಿ ಮಡುಗಿರೆ ತುಕ್ಕು ಹಿಡಿತ್ತು" ಹೇಳುವವಕ್ಕೆ ಇದೇ ಉತ್ತರ.

ಕಾನೂನುದೇ ನಮ್ಮ ಹೊಡೆಲೇ ಇದ್ದು. 2016ರ ಆಯುಧ ನಿಯಮಂಗಳ ಪ್ರಕಾರ ಲೈಸನ್ಸಿಂಗೆ ಅರ್ಜಿ ಹಾಕುವಗಳೇ ಬೆಡಿಯ ಜೋಪಾನಲ್ಲಿ ಮಡುಗುತ್ತೆ ಹೇಳಿ ಬರದು ಕೊಡೆಕ್ಕು. ಬರದು ಕೊಟ್ಟು ದಸ್ಕತ್ತು ಹಾಕಿದವು ಬಾಗಿಲಿನ ಹಿಂದೆ ಒರಗಿಸಿರೆ ಆ ದಸ್ಕತ್ತಿಂಗೆ ಎಂತ ಬೆಲೆ? ಅಜ್ಜ ತೀರಿಹೋದ ಮತ್ತೆ ಅವರ ಬೆಡಿ "ನೆಂಪಿಂಗೆ" ಹೇಳಿ ಅಟ್ಟಲ್ಲಿದ್ದರೆ ಅದು ನೆಂಪು ಅಲ್ಲ, ಕೇಸು. ಠಾಣೆಗೋ, ಲೈಸನ್ಸ್ ಇಪ್ಪ ಬೆಡಿ ಅಂಗಡಿಗೋ ಒಪ್ಪುಸಿ, ಮತ್ತೆ ಹೆಸರು ಬದಲ್ಸುವ ಕೆಲಸ ಮಾಡೆಕ್ಕು. ಕೊಡಗಿಲಿ ಕೊಡವರಿಂಗೂ ಜಮ್ಮಾ ಹಿಡುವಳಿಯವಕ್ಕೂ ಲೈಸನ್ಸಿಂದ ವಿನಾಯಿತಿ ಇದ್ದು, 2029ರ ವರೆಗೆ ಮುಂದುವರ್ಸಿದ್ದವು. ಅಲ್ಲಿಗೆ ಕೊಟ್ಟ ನಮ್ಮ ಕೂಸುಗೊಕ್ಕೆ ಸುತ್ತಮುತ್ತ ಬೆಡಿ ಹೊಸತ್ತಲ್ಲ. ಆದರೆ ವಿನಾಯಿತಿ ಇಪ್ಪದು ಕಾಗದಕ್ಕೆ, ಗುಂಡಿಂಗೆ ವಿನಾಯಿತಿ ಇಲ್ಲೆ.

ಅಖೇರಿಗೆ, ಆರೂ ಬಾಯಿ ಬಿಟ್ಟು ಹೇಳದ್ದ ಸಂಗತಿ. ಹಳದಿ ಎಲೆ ರೋಗಲ್ಲಿ ತೋಟ ಹೋದ ಮನೆಗೊ ಸಂಪಾಜೆ ಹೊಡೆಲಿ ಎಷ್ಟಿದ್ದು ಹೇಳಿ ನವಗೆಲ್ಲ ಗೊಂತಿದ್ದು. ಸಾಲ, ಸೊಸೈಟಿಯ ನೋಟೀಸು, ಒರಕ್ಕಿಲ್ಲದ್ದ ಇರುಳುಗೊ. ಮನುಷ್ಯನ ಮನಸ್ಸು ಒಂದು ಗಳಿಗೆಗೆ ಕಸ್ತಲೆ ಆವುತ್ತು, ಆ ಗಳಿಗೆ ದಾಂಟಿರೆ ಬೆಣಚ್ಚು ಬತ್ತು. ಕೈಗೆ ಸಿಕ್ಕುವ ಜಾಗೆಲಿ ಬೆಡಿ ಇದ್ದರೆ ಆ ಗಳಿಗೆ ದಾಂಟಲೆ ಬಿಡ್ತಿಲ್ಲೆ. ಬೀಗ ಇದ್ದರೆ ರಜಾ ಹೊತ್ತು ಸಿಕ್ಕುಗು, ಆ ಹೊತ್ತೇ ಜೀವ. ಆದರೆ ಮನಸ್ಸು ಸೋತದು ಬೀಗದಕೈ ಇಪ್ಪ ಜೆನದ್ದೇ ಆದರೆ ಏವ ಪೆಟ್ಟಿಗೆಯೂ ಸಾಲ. ಅಂಬಗ ಬೆಡಿಯೇ ಮನೆಂದ ಹೆರ ಹೋಯೆಕ್ಕು. ಚುನಾವಣೆ ಬಪ್ಪಗ ಠಾಣೆಲಿ ಡಿಪಾಸಿಟ್ ಮಾಡ್ತವಿಲ್ಲೆಯೋ? ಅದೇ ದಾರಿ. ಒಟ್ಟಿಂಗೆ 14416 ಟೆಲಿಮಾನಸಿಂಗೆ ಫೋನು ಮಾಡಿ, ಅದು ಸರ್ಕಾರದ್ದು, ಧರ್ಮಕ್ಕೆ, ಇಡೀ ದಿನ ಇರ್ತು. "ಮರ್ಯಾದಿ ಹೋಕು" ಹೇಳಿ ಬಾಯಿ ಮುಚ್ಚಿ ಕೂಪಲಾಗ. ಭಾವನನ್ನೋ ದೊಡ್ಡಪ್ಪನನ್ನೋ ಬಪ್ಪಲೆ ಹೇಳಿ ಬೆಡಿ ಹೆರ ಹಾಕ್ಸಿ.

"ಬೆಡಿಯ ವಿಚಾರ ಹೆಮ್ಮಕ್ಕೊಗೆ ಎಂತಕೆ" ಹೇಳುಗು. ಮನೆ ಉಡುಗುವಗ ಅದರ ಕರೆಂಗೆ ಸರಿಸುದು ಆರು? ಮಕ್ಕೊ ಅತ್ಲಾಗಿ ಹೋದರೆ ಎದೆ ಧಸಕ್ ಹೇಳುದು ಆರಿಂಗೆ? ಮನೆ ಒಳ ಇಪ್ಪ ವಸ್ತುವಿನ ವಿಚಾರ ನಮ್ಮದೇ. ಬಪ್ಪ ನವರಾತ್ರಿಲಿ ಆಯುಧಪೂಜೆಗೆ ಬೆಡಿಗೆ ಗಂಧ ಹಚ್ಚಲೆ ಹೆರಡುವಗ ಹರಿವಾಣ ಕೈಲಿ ಹಿಡ್ಕೊಂಡು ಒಂದೇ ಮಾತು ಕೇಳಿ: "ಪೆಟ್ಟಿಗೆ ಎಲ್ಲಿ?" ಉತ್ತರ ಬಪ್ಪನ್ನಾರ ಗಂಧ ಕೊಡೆಡಿ.