ವಾರ್ಡಿನೊಳಗಿನ ಪರದೆ

ಮನೋರೋಗಕ್ಕೆ ಚಿಕಿತ್ಸೆ ಎಂದರೆ ಮಾತು ತಾನೇ, ಅದನ್ನು ವಿಡಿಯೊ ಕಾಲಿನಲ್ಲಿ ಆಡಿದರೆ ನಷ್ಟವೇನು? ಓದಿಕೊಂಡವರ ಬಾಯಲ್ಲೇ ಈ ವಾದವನ್ನು ಪದೇ ಪದೇ ಕೇಳುತ್ತಿದ್ದೇನೆ. ಹೊರರೋಗಿಗಳ ಮಟ್ಟಿಗೆ ನನ್ನ ತಕರಾರಿಲ್ಲ. ಮಾತ್ರೆ ನುಂಗಿಕೊಂಡು ನೆಮ್ಮದಿಯಾಗಿರುವ ಬೀದರಿನ ಹೆಂಗಸೊಬ್ಬರು ಚೀಟಿ ಬರೆಸಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಬರಬೇಕೇಕೆ? 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ನಾನೇ ಗೆಳೆಯರಿಗೆ ಕೊಟ್ಟಿದ್ದೇನೆ. ನನ್ನ ಜಗಳವೇನಿದ್ದರೂ ಒಳರೋಗಿಗಳ ವಾರ್ಡಿನಲ್ಲಿ ಪರದೆಯೊಂದನ್ನು ಇಟ್ಟು, ಇವತ್ತಿನ ರೌಂಡ್ಸ್ ಮುಗಿಯಿತು ಎನ್ನುವುದರ ಜೊತೆ.

ಹೊರರೋಗಿಗೆ ಬೇಸರವಾದರೆ ಕಾಲ್ ಕಟ್ ಮಾಡಬಹುದು. ಒಳರೋಗಿ ಎಲ್ಲಿಗೆ ಹೋಗಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಮಿನಡಿ ಒಬ್ಬರನ್ನು ಅವರ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. 97ನೇ ಕಲಮಿನ ಪ್ರಕಾರ ಕೈಕಾಲು ಕಟ್ಟುವುದಕ್ಕೆ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಬೇಕು. ಇನ್ನೊಬ್ಬರ ಮೈಮೇಲೆ ಇಷ್ಟು ಅಧಿಕಾರ ಇರುವವರು ಆ ಮೈಯ ಎದುರಿಗೆ ಬಂದು ನಿಲ್ಲಬೇಕು. ಕಟ್ಟಿ ಎಂದವರಿಗೆ ಕಟ್ಟಿಸಿಕೊಂಡವರ ಉಸಿರು ಕೇಳಿಸಬೇಕು.

ಇನ್ನು, ಎಲ್ಲವೂ ಮಾತೇ ಎಂಬುದೂ ಸುಳ್ಳು. ಕೆಟಟೋನಿಯಾ ಇದೆಯೇ ಎಂದು ತಿಳಿಯಲು ರೋಗಿಯ ತೋಳನ್ನು ಎತ್ತಿ ಬಿಟ್ಟು, ಅದು ಗಾಳಿಯಲ್ಲೇ ನಿಲ್ಲುತ್ತದೆಯೇ ಎಂದು ನೋಡಬೇಕು. ಹ್ಯಾಲೊಪೆರಿಡಾಲ್‌ನಿಂದ ಸ್ನಾಯು ಬಿಗಿದಿದೆಯೇ ಎಂಬುದು ಮೊಣಕೈ ಮಡಿಸಿ ನೋಡಿದ ಕೈಗೆ ಗೊತ್ತಾಗುತ್ತದೆ. ನರ್ಸ್ ನೋಡಿ ಹೇಳುತ್ತಾರಲ್ಲ ಎನ್ನುತ್ತೀರಿ. ಹಾಗಾದರೆ ತಪ್ಪಾದ ದಿನ ಕೇಳಬೇಕಾದ್ದು ಯಾರನ್ನು? ಅದನ್ನೂ ಹೇಳಿಬಿಡಿ.

ಹೋದ ವರ್ಷ ನನ್ನ ಚಿಕ್ಕಪ್ಪ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ವಾರಕ್ಕೆರಡು ಸಲ ಅವರ ಮಂಚದ ಮುಂದೆ ಟ್ಯಾಬ್ ಹಿಡಿಯುತ್ತಿದ್ದರು. ಟಿವಿಯವರು ತನ್ನನ್ನು ನೋಡುತ್ತಿದ್ದಾರೆ ಎಂಬುದೇ ಚಿಕ್ಕಪ್ಪನ ಕಾಯಿಲೆ. ಅಂಥವರ ಮುಖಕ್ಕೆ ಕ್ಯಾಮೆರಾ ಹಿಡಿದು 'ಹೆದರಬೇಡಿ, ಮಾತಾಡಿ' ಎಂದರೆ! ಅವರು ಸುಮ್ಮನಾದರು. ಆ ಕಡೆಯಿಂದ 'ಹಲೋ, ಕೇಳಿಸ್ತಿದೆಯಾ?' ಎಂಬ ದನಿ. ಮನೋರೋಗದ ವಾರ್ಡಿನಲ್ಲಿ ಮೌನವೂ ಒಂದು ಲಕ್ಷಣ. ಪರದೆಗೆ ಅದು ನೆಟ್‌ವರ್ಕಿನ ತೊಂದರೆ.

ನಾನು ಕನ್ನಡದಲ್ಲಿ ಜನ ಸಂಕಟವನ್ನು ಹೇಳಿಕೊಳ್ಳುವ ಬಗೆಯನ್ನು ಅಭ್ಯಾಸ ಮಾಡುತ್ತಿರುವವನು. 'ಎದಿ ಒಡದಂಗ ಆಗತೈತ್ರಿ' ಎಂದು ಧಾರವಾಡದ ಕಡೆಯವರು ಅರ್ಧ ನುಂಗಿಕೊಂಡೇ ಹೇಳುವುದು. ಉಳಿದರ್ಧವನ್ನು ಇಂಟರ್‌ನೆಟ್ ನುಂಗುತ್ತದೆ.

ಡಾಕ್ಟರುಗಳೇ ಇಲ್ಲವಲ್ಲ, ಏನು ಮಾಡೋಣ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯೇ ಹೇಳಿದಂತೆ, ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆದರೆ ಅದೇ ನಿಮ್ಹಾನ್ಸ್ ಪರದೆಯನ್ನು ಬೇರೆ ರೀತಿಯಲ್ಲೂ ಬಳಸಿದೆ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡುತ್ತಿರುವಾಗಲೇ ಅವರಿಗೆ ವಿಡಿಯೊದಲ್ಲಿ ಕಲಿಸುವುದು. ಅಲ್ಲಿ ರೋಗಿಯ ಪಕ್ಕ ಹೊಣೆ ಹೊತ್ತ ವೈದ್ಯರೊಬ್ಬರು ಇರುತ್ತಾರೆ. ವಾರ್ಡಿಗೂ ಅದೇ ಸಾಕು. ಪರದೆ ವೈದ್ಯರ ನಡುವೆ ಇರಲಿ. ಹುದ್ದೆ ಖಾಲಿ ಬಿಟ್ಟು ಟ್ಯಾಬ್ ಕೊಳ್ಳುವುದಕ್ಕೆ ಕೊರತೆಯ ನೆಪ ಬೇಡ.

ಒಂದು ಮಾತು ಉಳಿಯಿತು. ಚಿಕ್ಕಪ್ಪನ ಮೊಬೈಲನ್ನು ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದರು, ವಾರ್ಡಿನ ನಿಯಮವಂತೆ. ಸೂಕ್ತ ಹೊತ್ತಿನಲ್ಲಿ ಫೋನ್ ಮಾಡುವ, ಬಂದ ಕರೆ ತೆಗೆದುಕೊಳ್ಳುವ ಹಕ್ಕನ್ನು ಕಾಯ್ದೆಯ 26ನೇ ಕಲಂ ಒಳರೋಗಿಗೆ ಕೊಟ್ಟಿದೆ. ಆಸ್ಪತ್ರೆಯ ನಿಯಮಕ್ಕೆ ಒಳಪಟ್ಟು ಎಂದೂ ಇದೆ, ನಿಜ. ಆ ಬಾಲವನ್ನೇ ಹಿಡಿದುಕೊಂಡು ಹಕ್ಕನ್ನು ಲಾಕರಿಗೆ ಹಾಕುತ್ತಾರೆ. ಡಾಕ್ಟರಿಗಾದರೆ ನೆಟ್‌ವರ್ಕ್ ಉಂಟು, ಹನ್ನೊಂದು ದಿನ ಮಗಳ ದನಿ ಕೇಳದವರಿಗೆ ಇಲ್ಲ. ಹೇಗೂ ಟ್ಯಾಬ್ ಕೊಂಡಾಗಿದೆ. ದಿನಕ್ಕೆ ಹತ್ತು ನಿಮಿಷ ಅದನ್ನು ರೋಗಿಯ ಕೈಗೆ ಕೊಡಿ, ರೌಂಡ್ಸಿಗೆ ಡಾಕ್ಟರ್ ನಡೆದುಕೊಂಡು ಬರಲಿ.